ಎಲೆಯಿಲ್ಲದ ಮರದ ಬುಡದಲ್ಲಿ

(ಏಪ್ರಿಲ್ ಕೊನೆ, ಮಧ್ಯಾಹ್ನ ಒಂದೂವರೆ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಅಂಗಳ. ಹಿರೇಕೆರೂರಿನಿಂದ ಬೆಳಗಿನ ಬಸ್ಸಿಗೆ ಹೊರಟು ಬಂದ ಅಪ್ಪ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ಕೊಡೆ ಹಿಡಿದು ಊರೊಳಗಿಂದ ಬಂದ ಅಪ್ಪನ ಸೋದರತ್ತೆ.)

ಮಗಳು: ದೊಡ್ಡ ಗಿಡದ ನೆಳ್ಳಾಗ ಬುತ್ತಿ ಉಣ್ಣೂಣು ಅಂದಿದ್ಯಲ್ಲಪ್ಪಾ, ನೆಳ್ಳೆಲ್ಲೈತಿ?

ಅತ್ತಿ: ನಿಮ್ಮಪ್ಪ ಗಿಡದ ಸುದ್ದಿ ಕೇಳ್ಯಾನ, ಹಂಗಾಮು ಕೇಳಿಲ್ಲ. ಬ್ಯಾಸಗಿಗೆ ಇದು ಎಲಿ ಉದುರಿಸಿ ಬೋಳಾಗಿ ನಿಂದರತೈತಿ. ಮಳಿಗಾಲಕ್ಕ ಬಾ, ಚಪ್ಪರ ಹಾಕಿರತೈತಿ. ಈಗ ಬೊಡ್ಡಿ ಮೂಡಣ ಮಗ್ಗಲಿಗೆ ಒಂದ್ ಪಟ್ಟಿ ನೆಳ್ಳೈತಿ, ಸರಕೊಂಡು ಕುಂದರ್ರಿ.

ಮಗ: ಇದು ಗಿಡ ಅಲ್ಲ. ಆನಿ ಕಾಲು.

ಅಪ್ಪ: ಆಫ್ರಿಕಾದ ಗಿಡಪ್ಪ ಇದು. ಎಲಿ ಇದ್ರ ನೀರು ಆರಿ ಹೋಗತೈತಿ, ಅದಕ್ಕ ಎಲಿ ಬಿಟ್ಟು ಬೊಡ್ಡಿಯಾಗ ನೀರು ಉಳಿಸಿಕೊಳ್ಳತೈತಿ. ಕಾಯಿ ಹುಣಸಿಹಂಗ ಹುಳಿ, ಅದಕ್ಕ ದೊಡ್ಡಹುಣಸಿ ಅಂತ ಹೆಸರು.

(ಮಗ ಕೇಳುವುದಿಲ್ಲ. ಸವಣೂರ ಖಾರದ ಪೊಟ್ಟಣ ಬಿಚ್ಚಿದ್ದು ಅಪ್ಪನ ಇನ್ನೊಂದು ತಪ್ಪು. ಬಾಟಲಿಯ ನೀರು ಚಹಾದಷ್ಟು ಕಾದಿದೆ. ಮಕ್ಕಳಿಬ್ಬರೂ ಬೊಡ್ಡೆ ಸುತ್ತಲು ಓಡುತ್ತಾರೆ.)

ಅಪ್ಪ: ನೋಡಿದ್ಯಾ ಅತ್ತಿ? ಮುಂಜಾನಿಂದ ಇದ ಕತಿ. ಹಾನಗಲ್ಲ ತಾರಕೇಶ್ವರ ಗುಡಿಯಾಗ ಮ್ಯಾಲಿನ ಕಮಲದ ಕೆತ್ತನಿ ನೋಡ್ರಿ ಅಂದ್ರ, ಅಂಗಳದ ಕಾದ ಕಲ್ಲಿನ ಮ್ಯಾಲೆ ಬರಿಗಾಲಿಲೆ ಕುಣದಾಡಿದ್ರು. ನಕ್ಕಿದ್ದ ನಕ್ಕಿದ್ದು. ಶಿಗ್ಗಾಂವ್ಯಾಗ ಐಸ್‌ಕ್ಯಾಂಡಿ ಕರಗಿ ಅಂಗಿ ಎಲ್ಲಾ ಕೆಂಪಾತು. ಬಂಕಾಪುರದ ನವಿಲು ಬಿಟ್ಟಬಿಟ್ಟೆ, ಈ ಬಿಸಲಾಗ ನವಿಲರ ಎಲ್ಲಿ ಬರ್ತಾವು. ಇಷ್ಟೆಲ್ಲಾ ಮಾಡಿ ಸಣ್ಣಾಂವಗ ಏನು ನೆನಪುಳಿದೀತು? ಮೂರು ವರ್ಷದ ಒಳಗಿನದು ದೊಡ್ಡಾದ ಮ್ಯಾಲೆ ಬಾಳ ಮಂದಿಗೆ ಉಳಿಯೂದಿಲ್ಲ. ನಾಕರದು ಉಳದ್ರ ಒಂದೆರಡು ಚೂರು.

ಅತ್ತಿ: ಹತ್ತು ವರ್ಷ ನೆನಪಿರಲಿ ಅಂತ ರೊಟ್ಟಿ ತಿನಸ್ತಿ ಏನು?

ಅಪ್ಪ: ರೊಟ್ಟಿ ಮೈಗೆ ಹತ್ತತೈತಿ.

ಅತ್ತಿ: ಇದೂ ಹತ್ತತೈತಿ. ಗಿಡಾನ ನೋಡ, ಕುಡದ ಮಳಿ ಹೊರಗ ಕಾಣತೈತೇನು?

ಅಪ್ಪ: ಹೋಲಿಕಿ ಚಂದ ಐತಿ. ಅದಕ್ಕ ನನಗ ನಂಬಿಕಿ ಬರವಲ್ದು. ಒಳಗ ಏನೋ ಉಳೀತೈತಿ ಅನ್ನೂದು ಹೆತ್ತವರ ಸಮಾಧಾನ. ಒಳ್ಳೇದಷ್ಟ ಹೆಂಗ ಉಳೀತೈತಿ? ಶಿಗ್ಗಾಂವಿ ಸ್ಟ್ಯಾಂಡಿನಾಗ ಅಂವನ ಬೆನ್ನಿಗೆ ಒಂದು ಕೊಟ್ಟೆ.

ಅತ್ತಿ: ಯಾಕ?

ಅಪ್ಪ: ಕೈ ಬಿಡಿಸಿಕೊಂಡು ರಸ್ತೆಗೆ ಓಡಿದ. ಅದೊಂದ ಕಾರಣ ಅಲ್ಲ. ನನಗೂ ಬಿಸಲು ನೆತ್ತಿಗೇರಿತ್ತು. ಕಮಲ ಮರತು ಆ ಏಟೊಂದ ಉಳದ್ರ?

(ಅತ್ತೆ ವೀಳ್ಯದೆಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಮಡಚಿ ಬಾಯಿಗಿಡುತ್ತಾಳೆ. ಎಲೆಬಳ್ಳಿಯ ಊರಿನವಳು, ಮಾತಿಗೆ ಅವಸರವಿಲ್ಲ.)

ಅತ್ತಿ: ನೀನೂ ಇಲ್ಲಿಗೆ ಬಂದಿದ್ದಿ. ಇಂವನಷ್ಟ ಇದ್ದಿ. ಇಂಥಾದ್ದ ಬಿಸಲು.

ಅಪ್ಪ: ನಾನು? ಒಟ್ಟ ನೆನಪಿಲ್ಲ.

ಅತ್ತಿ: ಹಂಗಾರ ಆ ಹುಡುಗ ಎಲ್ಲಿ ಹೋದ?

ಅಪ್ಪ: ನಾನ ಅಲ್ಲೇನು ಅಂವ?

ಅತ್ತಿ: ಹೆಂಗ ನೀನಾಗ್ತಿ? ನಿನಗ ಅವನ ಗುರುತ ಇಲ್ಲ. ಅಂವ ನಿಮ್ಮವ್ವನ ಹಂತ್ಯಾಕ ಇದ್ದ, ಆಕಿ ಹೋದ್ಲು. ಈಗ ನನ್ನೊಬ್ಬಾಕಿ ಹಂತ್ಯಾಕ ಅದಾನ.

ಅಪ್ಪ: ಅಂದ್ರ ಇವತ್ತಿನ ದಿವಸ ಇವನದಲ್ಲ, ನಂದು.

ಅತ್ತಿ: ನಿಂದೂ ಅಲ್ಲ. ಒತ್ತಿ ಇಟ್ಟ ಒಡವಿ ಇದ್ದಂಗ. ಇಟಗೊಂಡಿರಬೇಕು.

ಅಪ್ಪ: ಇಟ್ಟಾಂವಗ ಇಟ್ಟದ್ದ ಗೊತ್ತಿಲ್ಲಂದ್ರ ಅದೆಂಥಾ ಒತ್ತಿ? ನಾನು ಬೇಕಾದ್ದು ತಗದು ತೋರಿಸಿ, ಬ್ಯಾಡಾದ್ದು ಮುಚ್ಚಿಡಬಹುದು. ಕುಣದದ್ದು ಹೇಳಿ ಹೊಡದದ್ದು ಬಿಡಬಹುದು.

ಅತ್ತಿ: ಬಿಡ್ತಿ. ಎಲ್ಲಾರೂ ಬಿಡ್ತಾರ.

(ಮಕ್ಕಳು ಏದುಸಿರು ಬಿಡುತ್ತ ಬರುತ್ತಾರೆ.)

ಮಗಳು: ನಾವಿಬ್ಬರೂ ಕೈ ಹಿಡಕೊಂಡು ಅಪ್ಪಿದ್ವಿ, ಒಂದ್ ಮಗ್ಗಲೂ ಮುಗೀಲಿಲ್ಲ! ಇದಕ್ಕ ಎಷ್ಟು ವಯಸ್ಸು?

ಅಪ್ಪ: ಸಾವಿರ ಅಂತಾರ, ಎರಡು ಸಾವಿರ ಅಂತಾರ. ಬ್ಯಾರೆ ಗಿಡದಂಗ ಇದರ ಬಳಿ ಎಣಿಸಿ ಹೇಳಾಕ ಬರೂದಿಲ್ಲ. ವಯಸ್ಸಾದಂಗ ಒಳಗ ಟೊಳ್ಳಾಗತೈತಿ.

ಮಗಳು: ಹಂಗಾರ ಗಿಡಕ್ಕೂ ಗೊತ್ತಿಲ್ಲ.

ಅತ್ತಿ: 2023ರ ಮಳಿಗಾಲದಾಗ ಇಲ್ಲೇ ಇಂಥಾದ್ದ ಇನ್ನೊಂದು ಗಿಡ ಉರುಳಿ ಬಿದ್ದಿತ್ತವ್ವ. ಆಮ್ಯಾಲೆ ಎತ್ತಿ ನಿಲ್ಲಿಸಿದ್ರು.

ಮಗ: ಗಿಡ ಅತ್ತಿತೇನು?

(ಯಾರೂ ಉತ್ತರ ಹೇಳುವುದಿಲ್ಲ. ಅವನಿಗೂ ಉತ್ತರ ಬೇಕಿಲ್ಲ. ಕೆನ್ನೆಯನ್ನು ತೊಗಟೆಗೆ ಒತ್ತಿ ನಿಂತಿದ್ದಾನೆ. ನೆರಳಿನ ಪಟ್ಟಿ ಒಂದು ಗೇಣು ಅಗಲವಾಗಿದೆ, ಅಪ್ಪನ ಮೊಣಕಾಲು ಇನ್ನೂ ಬಿಸಿಲಲ್ಲಿದೆ.)

ಅಪ್ಪ: ಅತ್ತಿ, ಆ ದಿವಸ ಇಲ್ಲಿ ನಾನು ಅತ್ತಿದ್ನೇನು?

ಅತ್ತಿ: ಹ್ಞೂಂ, ಅತ್ತಿದ್ದಿ.

ಅಪ್ಪ: ಯಾಕ?

ಅತ್ತಿ: (ಕೊಡೆ ಬಿಚ್ಚುತ್ತ) ನಡಿ, ಹುಡುಗರ ನೀರು ಮುಗದಾವ.