ಹುಟ್ಟಿದೊಡನೆ ಅಳದ ಮಗು

ಪ್ರಸವಕಾಲದಲ್ಲಿ ಪ್ರಾಣವಾಯುವಿಗೆ ತಡೆಯುಂಟಾಗಿ, ಹುಟ್ಟಿದೊಡನೆ ಅಳದೆ, ವೈದ್ಯರ ಪ್ರಯಾಸದಿಂದ ಹೇಗೋ ಬದುಕಿ ಉಳಿದ ಮಗುವು ವರ್ಷ ಕಳೆದರೂ ಕತ್ತು ನಿಲ್ಲದೆ, ಕುಳ್ಳಿರಿಸಿದರೆ ಒರಗಿ ಬೀಳುತ್ತ, ಕರೆದರೆ ತಿರುಗಿ ನೋಡದೆ ಇರುವಾಗ, ನೋಡಬಂದ ಬಂಧುಗಳ ಬಾಯಿಂದ ಮೊದಲು ಹೊರಡುವ ಮಾತು ಯಾವ ಜನ್ಮದ ಪಾಪವೋ ಎಂಬುದೇ. ಆಡುವವರಲ್ಲಿ ಕ್ರೌರ್ಯವಿರುವುದಿಲ್ಲ, ಬಹುಶಃ ಸಾಂತ್ವನವೇ ಅವರ ಉದ್ದೇಶ. ಆದರೆ ತಾಯಿಯ ಕಿವಿಗೆ ಅದು ಆರೋಪವಾಗಿಯೇ ಬೀಳುತ್ತದೆ.

ಈ ಮಾತಿನ ಹಿಂದಿರುವ ತತ್ತ್ವವನ್ನು ಅರಸುತ್ತ ಹೋದರೆ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯಕ್ಕೆ ಬಂದು ನಿಲ್ಲುತ್ತೇವೆ. ಒಬ್ಬನನ್ನು ಸುಖಿಯಾಗಿಯೂ ಇನ್ನೊಬ್ಬನನ್ನು ದುಃಖಿಯಾಗಿಯೂ ಸೃಜಿಸುವ ಈಶ್ವರನಿಗೆ ಪಕ್ಷಪಾತ, ನಿರ್ದಯತೆಗಳೆಂಬ ದೋಷಗಳು ಅಂಟುವುದಿಲ್ಲವೆ ಎಂಬ ಪೂರ್ವಪಕ್ಷ ಅಲ್ಲಿ ಏಳುತ್ತದೆ. ಜೀವಿಗಳ ಧರ್ಮಾಧರ್ಮಗಳನ್ನು ಅಪೇಕ್ಷಿಸಿಯೇ ಈಶ್ವರನು ಸೃಷ್ಟಿಸುವನೆಂದು ಸಮಾಧಾನವಿತ್ತ ಶಂಕರರು ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ: ಭತ್ತಕ್ಕೂ ಯವಕ್ಕೂ ಮಳೆಯು ಸಾಧಾರಣ ಕಾರಣ, ಅವುಗಳ ಭೇದಕ್ಕೆ ಆಯಾ ಬೀಜದ ಸಾಮರ್ಥ್ಯವೇ ಕಾರಣ. ಮೊದಲ ಸೃಷ್ಟಿಗೆ ಮುನ್ನ ಕರ್ಮವೆಲ್ಲಿತ್ತು ಎಂದು ಕೇಳಿದವನಿಗೆ ಸಂಸಾರವು ಅನಾದಿಯೆಂಬ ಉತ್ತರ ಸಿದ್ಧವಾಗಿದೆ. ಆ ಉತ್ತರವು ಪ್ರಶ್ನೆಯನ್ನು ಬಗೆಹರಿಸುತ್ತದೆಯೋ ಹಿಂದಕ್ಕೆ ತಳ್ಳುತ್ತದೆಯೋ ಎಂಬುದು ಬೇರೆ ವಿಚಾರ. ನಾನು ಹೇಳಬೇಕೆಂದಿರುವುದು ಇಷ್ಟು: ಇದು ಈಶ್ವರನನ್ನು ದೋಷಾರೋಪದಿಂದ ಬಿಡಿಸಲು ಹೂಡಿದ ವಾದ, ಅದನ್ನು ತೊಟ್ಟಿಲ ಬಳಿಗೆ ಒಯ್ದು ಶಿಶುವಿನ ಮೇಲೆ ಹೊರಿಸುವ ಕೆಲಸ ನಮ್ಮದು, ಸೂತ್ರಕಾರನದಲ್ಲ. ಇಂಥ ಪಾಪಕ್ಕೆ ಇಂಥ ಅಂಗವೈಕಲ್ಯವೆಂದು ಪಟ್ಟಿ ಕೊಡುವ ಗ್ರಂಥಗಳೂ ನಮ್ಮಲ್ಲಿ ಇಲ್ಲದಿಲ್ಲ. ಸೂತ್ರಗಳ ಸಂಯಮ ಅವುಗಳಿಗೆ ತಿಳಿಯದು.

ವೈದ್ಯಶಾಸ್ತ್ರವೂ ಒಂದು ಕಾಲಕ್ಕೆ ಕಾರಣ ಸಿಕ್ಕಿತೆಂದು ನಂಬಿತ್ತು. 1861ರಲ್ಲಿ ಲಂಡನ್ನಿನ ಪ್ರಸೂತಿಶಾಸ್ತ್ರ ಸಂಘದ ಮುಂದೆ ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯನು, ಅಕಾಲ ಜನನ, ಕಷ್ಟಪ್ರಸವ, ಉಸಿರುಗಟ್ಟುವಿಕೆಗಳಿಂದಲೇ ಮಕ್ಕಳ ಅವಯವಗಳ ಬಿಗಿತವೂ ಬುದ್ಧಿಮಾಂದ್ಯವೂ ಉಂಟಾಗುವುವೆಂದು ಪ್ರತಿಪಾದಿಸಿದನು. 1897ರಲ್ಲಿ ಸಿಗ್ಮಂಡ್ ಫ್ರಾಯ್ಡನು, ಮನೋವಿಶ್ಲೇಷಣೆಯಿಂದ ಹೆಸರಾಗುವುದಕ್ಕೆ ಮೊದಲು, ಕಷ್ಟಪ್ರಸವವು ಗರ್ಭದಲ್ಲೇ ಮೊದಲಾದ ಯಾವುದೋ ವಿಕಾರದ ಲಕ್ಷಣವಾಗಿರಬಾರದೇಕೆ ಎಂದು ಶಂಕಿಸಿದನು. ಮುಂದೆ ಅಮೆರಿಕೆಯಲ್ಲಿ ಸಾವಿರಾರು ಶಿಶುಗಳನ್ನು ಅನುಸರಿಸಿ ನೋಡಿದಾಗ, ಈಗ ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಈ ವೈಕಲ್ಯಕ್ಕೆ ತುತ್ತಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹುಟ್ಟಿದ ಮೊದಲ ನಿಮಿಷದಲ್ಲಿ ನವಜಾತ ಶಿಶುವಿನ ಸ್ಥಿತಿಯನ್ನು 10ರೊಳಗೆ ಅಳೆಯುವ ಆಪ್ಗಾರ್ ಅಂಕಗಳಲ್ಲಿ 7ಕ್ಕೆ ಕಡಿಮೆಯಿಲ್ಲದಷ್ಟನ್ನು ಪಡೆದಿದ್ದರೆಂದು 1981ರಲ್ಲಿ ತಿಳಿದುಬಂದಿತು. ಉಸಿರುಗಟ್ಟಿದವರಲ್ಲಿಯೂ ಮಿದುಳಿನ ಬಾಧೆ ಅಲ್ಪವಾಗಿದ್ದವರು ಬಹುಮಟ್ಟಿಗೆ ಇತರ ಮಕ್ಕಳಂತೆಯೇ ಬೆಳೆಯುತ್ತಾರೆ. ತೀವ್ರವಾಗಿದ್ದವರಲ್ಲಿ ಹಲವರು ಉಳಿಯುವುದಿಲ್ಲ, ಉಳಿದವರಿಗೆ ವೈಕಲ್ಯ ತಪ್ಪುವುದು ಅಪರೂಪ. ನಡುವಿನವರ ವಿಷಯದಲ್ಲಿ ಮೊದಲ ದಿನಗಳಲ್ಲಿ ಖಚಿತವಾಗಿ ನುಡಿಯಬಲ್ಲವರಾರು? ಜನಿಸಿದ 6 ಗಂಟೆಗಳೊಳಗೆ ಆರಂಭಿಸಿ 72 ಗಂಟೆಗಳ ಕಾಲ ಶಿಶುವಿನ ದೇಹವನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್ಸಿಗೆ ತಂಪುಮಾಡುವ ಚಿಕಿತ್ಸೆಯು ಸಿರಿವಂತ ದೇಶಗಳಲ್ಲಿ ಮರಣವನ್ನೂ ವೈಕಲ್ಯವನ್ನೂ ತಗ್ಗಿಸಿತು. ಅದೇ ಚಿಕಿತ್ಸೆಯನ್ನು ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತಂಪುಮಾಡಿದವರಲ್ಲಿಯೇ ಸಾವು ಹೆಚ್ಚಾಗಿತ್ತು. ಮಳೆಯೊಂದೇ, ಬೆಳೆ ಬೇರೆ. ಶಂಕರರ ದೃಷ್ಟಾಂತವು ಪಾಪಪುಣ್ಯಗಳಿಗಿಂತ ಈ ಮಿದುಳುಗಳಿಗೆ ಹೆಚ್ಚು ಒಪ್ಪುತ್ತದೆ. ಬೀಜವು ಭಿನ್ನವಾಗಿದೆಯೆಂದು ಹೇಳಿದರೆ ಬೀಜವು ತಪ್ಪು ಮಾಡಿತೆಂದು ಹೇಳಿದಂತಾಗುವುದಿಲ್ಲವಷ್ಟೆ.

ಐರ್ಲೆಂಡಿನ ಕ್ರಿಸ್ಟೊಫರ್ ನೋಲನ್ ಎಂಬ ಲೇಖಕನು 1965ರಲ್ಲಿ ಹೀಗೆಯೇ ಉಸಿರಿನ ಕೊರತೆಗೆ ಸಿಕ್ಕಿ ಜನಿಸಿದವನು. ಮಾತು ಬಾರದು, ಕೈ ಸ್ವಾಧೀನವಿಲ್ಲ. ಹಣೆಗೆ ಕಟ್ಟಿದ ಕಡ್ಡಿಯಿಂದ ಒಂದೊಂದೇ ಅಕ್ಷರವನ್ನು ಒತ್ತುವಾಗ ತಾಯಿ ಅವನ ಗಲ್ಲವನ್ನು ಹಿಡಿದಿರಬೇಕಾಗಿತ್ತು. ಹಾಗೆ ಬರೆದ ಆತ್ಮಕಥನಕ್ಕೆ ವಿಟ್‌ಬ್ರೆಡ್ ಬಹುಮಾನ ಸಂದಿತು. ವಾಕ್ಕು ಇಲ್ಲದಲ್ಲಿ ಮನಸ್ಸೂ ಇಲ್ಲವೆಂದು ಬಗೆಯುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದರೆ ನೋಲನ್ನನನ್ನು ತೋರಿಸಿ ಎಲ್ಲ ತಾಯಂದಿರನ್ನೂ ಸಮಾಧಾನಪಡಿಸಲು ಹೊರಡುವುದು ನನಗೆ ಸರಿದೋರದು. ಮನಸ್ಸಿಗೇ ಪೆಟ್ಟು ಬಿದ್ದು, ಎಂದಿಗೂ ಒಂದಕ್ಷರ ಬರೆಯಲಾರದ ಮಕ್ಕಳು ಅನೇಕರಿದ್ದಾರೆ.

ಅವರ ವಿಷಯದಲ್ಲಿ ಛಾಂದೋಗ್ಯೋಪನಿಷತ್ತಿನ ಐದನೆಯ ಅಧ್ಯಾಯದ ಕಥೆಯೇ ನನಗೆ ಹೆಚ್ಚು ಪ್ರಮಾಣವೆನಿಸುತ್ತದೆ. ತಮ್ಮಲ್ಲಿ ಶ್ರೇಷ್ಠರಾರೆಂದು ಇಂದ್ರಿಯಗಳು ಜಗಳವಾಡಿ, ವಾಕ್ಕು, ಕಣ್ಣು, ಕಿವಿ, ಮನಸ್ಸುಗಳು ಒಂದೊಂದಾಗಿ ವರ್ಷಕಾಲ ದೇಹವನ್ನು ಬಿಟ್ಟು ಹೋಗಿ, ಮರಳಿ ಬಂದು ನಾವಿಲ್ಲದೆ ಹೇಗೆ ಬದುಕಿದಿರೆಂದು ಕೇಳುತ್ತವೆ. ಮೂಕರಂತೆ, ಕುರುಡರಂತೆ, ಕಿವುಡರಂತೆ ಬದುಕಿದೆವೆನ್ನುವ ಉತ್ತರಗಳ ಸಾಲಿನಲ್ಲಿಯೇ ಮನಸ್ಸಿಗೂ ಉತ್ತರ ದೊರೆಯುತ್ತದೆ: ಮನಸ್ಸಿನ್ನೂ ಬಲಿಯದ ಶಿಶುಗಳಂತೆ ಉಸಿರಾಡಿಕೊಂಡಿದ್ದೆವು ಎಂದು. ಕಥೆಯ ತೀರ್ಪು ಪ್ರಾಣದ ಶ್ರೇಷ್ಠತೆಯೇ ಆದರೂ, ಮನಸ್ಸಿಲ್ಲದೆ ಉಸಿರಾಡಿದ ಆ ವರ್ಷವನ್ನು ಋಷಿಯು ಬದುಕೆಂದೇ ಎಣಿಸಿದ್ದಾನೆ. ಅದು ಯಾವ ಪಾಪದ ಫಲವೆಂದು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ.