ನೋವಿಲ್ಲ ಎಂದಾಗಲೂ, ನೋವಿದೆ ಎಂದಾಗಲೂ



ಕಬ್ಬಿನ ಹಂಗಾಮು ಆರಂಭವಾದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳು ಹೇಗಿರುತ್ತವೆಂದು ನಿಮಗೆ ಗೊತ್ತೇ ಇದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಆಳೆತ್ತರ ಹೇರಿದ ಕಬ್ಬು, ಆ ಹೇರಿನ ಮೇಲೆ ಕುಳಿತ ಹುಡುಗರು. ಅಲ್ಲಿಂದ ಒಬ್ಬ ಕೆಳಗೆ ಬಿದ್ದನೆನ್ನಿ. ಜನ ಓಡಿ ಬರುತ್ತಾರೆ. ಬಿದ್ದವನು ನಗಲು ಯತ್ನಿಸುತ್ತಾನೆ: “ಏನೂ ಆಗಿಲ್ಲ ಬಿಡ್ರೀ, ಕಾಲಿಗೆ ಜೋಮು ಹಿಡದೈತಿ ಅಷ್ಟ.” ಸದ್ಯ, ದೇವರು ಕಾಪಾಡಿದ ಎಂದು ಜನ ಅವನ ರಟ್ಟೆ ಹಿಡಿದು ಎಬ್ಬಿಸಿ, ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿ ಹೊರಡುತ್ತಾರೆ. ಬೆನ್ನೆಲುಬು ಮುರಿದಿದ್ದರೆ ಅದರೊಳಗಿನ ನರದ ಹುರಿಗೆ ಎರಡನೆಯ ಪೆಟ್ಟು ಬೀಳುವುದು ಇಲ್ಲಿಯೇ.

ಅವನೇನೂ ಸುಳ್ಳು ಹೇಳಲಿಲ್ಲ. ಕಾಲಿನ ಜೋಮು ನರದ ಹುರಿಗೆ ಪೆಟ್ಟಾದ ಗುರುತು. ಬೆನ್ನಿನ ನೋವು ಆ ಗಳಿಗೆಯಲ್ಲಿ ತಿಳಿಯದೆ ಹೋಗುವುದಕ್ಕೆ ಬೇರೊಂದು ಕಾರಣವಿರಬಹುದು. ನಮ್ಮ ದೇಹ ತನ್ನೊಳಗೇ ಅಫೀಮಿನಂಥ ವಸ್ತುವನ್ನು ತಯಾರಿಸುತ್ತದೆ! ಅಫೀಮು ಹೋಗಿ ಕೂರಲು ಮಿದುಳಿನಲ್ಲಿ ಬೀಗದಂಥ ಜಾಗಗಳಿವೆಯೆಂದು 1973ರಲ್ಲಿ ತಿಳಿದುಬಂತು. ಬೀಗವಿದ್ದ ಮೇಲೆ ಮನೆಯದೇ ಒಂದು ಕೀಲಿಯೂ ಇರಬೇಕಲ್ಲ? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್ಲಿಟ್ಜ್ ಎಂಬ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಆ ಕೀಲಿಯನ್ನು ಕಂಡರು. ಎನ್ಕೆಫಾಲಿನ್ ಎಂದು ಹೆಸರಿಟ್ಟರು. ಬಳಿಕ ಎಂಡಾರ್ಫಿನ್, ಡೈನಾರ್ಫಿನ್ ಎಂಬ ಅದರ ಬಂಧುಗಳೂ ಸಿಕ್ಕವು.

ಇದಕ್ಕೂ ಬಹಳ ಹಿಂದೆ, 1844ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಎಂಬ ಪ್ರಾಟೆಸ್ಟಂಟ್ ಮಿಷನರಿಯನ್ನು ಸಿಂಹವೊಂದು ಹಿಡಿದು ಜಾಡಿಸಿತು. ತೋಳಿನ ಎಲುಬು ಪುಡಿಯಾದರೂ ಆ ಹೊತ್ತಿನಲ್ಲಿ ನೋವೇ ಆಗಲಿಲ್ಲ, ಇದು ಸೃಷ್ಟಿಕರ್ತನ ಕರುಣೆಯೇ ಇರಬೇಕು ಎಂದು ಆತ ಮುಂದೆ ಬರೆದ.

ಇಲ್ಲಿಗೇ ನಿಲ್ಲಿಸಿದ್ದರೆ ಪ್ರಸಂಗಕ್ಕೆ ಹೇಳಿ ಮಾಡಿಸಿದ ಕಥೆ. ಆದರೆ 1981ರಲ್ಲಿ ಅಮೆರಿಕದ ಅಲನ್ ಫೇಡನ್, ಜಾನ್ ಹಾಲಡೇ ಮೊದಲಾದವರು ಇನ್ನೊಂದು ಮುಖವನ್ನು ತೋರಿಸಿದರು. ನರದ ಹುರಿಗೆ ಪೆಟ್ಟಾದ ಬೆಕ್ಕುಗಳಿಗೆ, ಈ ಕೀಲಿಗಳನ್ನು ಬೀಗಕ್ಕೆ ಸೇರಗೊಡದ ನಾಲಾಕ್ಸೋನ್ ಎಂಬ ಔಷಧ ಕೊಟ್ಟಾಗ ಕುಸಿದ ರಕ್ತದೊತ್ತಡ ಏರಿತು, ಚೇತರಿಕೆಯೂ ಹೆಚ್ಚಿತು. ಅಂದರೆ ನೋವು ತಣಿಸುವ ದ್ರವ್ಯವೇ ಗಾಯವನ್ನು ಬೆಳೆಸುತ್ತಿತ್ತೇ? ಡೈನಾರ್ಫಿನ್ ಹೆಚ್ಚಾದರೆ ಇಲಿಗಳ ಹಿಂಗಾಲು ಬಿದ್ದುಹೋಗುವುದೂ ಕಂಡುಬಂತು. ಆಸೆ ಚಿಗುರಿತು. 1990ರಲ್ಲಿ ಪ್ರಕಟವಾದ, 487 ರೋಗಿಗಳ ಪರೀಕ್ಷೆಯಲ್ಲಿ ಮಾತ್ರ ನಾಲಾಕ್ಸೋನ್ ಪಡೆದವರು ಬರಿಯ ಹುಸಿಮದ್ದು ಪಡೆದವರಿಗಿಂತ ಹೆಚ್ಚೇನೂ ಗುಣ ಕಾಣಲಿಲ್ಲ. ಬೆಕ್ಕಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಲಿಲ್ಲ.

ಹಾಗಾದರೆ ದೇವರ ಕೊಡುಗೆಯೇ ವಿಷವಾಯಿತೇ? ನಮ್ಮ ಕೃಷ್ಣೆಯನ್ನೇ ನೋಡಿ. ಕಬ್ಬಿಗೆ ನೀರುಣಿಸುವ ಅದೇ ನದಿ 2019ರಲ್ಲಿ ಈ ಭಾಗದ ಊರುಗಳನ್ನು ಮುಳುಗಿಸಿತು. ನದಿ ಕೆಟ್ಟದ್ದೆಂದು ನಾವು ಹೇಳಲಿಲ್ಲ. ದೇವರ ನೀರಲ್ಲವೇ ಎಂದು ಮನೆಯಲ್ಲಿ ಕುಳಿತಿರಲೂ ಇಲ್ಲ. ದೋಣಿ ತಂದೆವು. ದೇಹವೂ ಹಾಗೆಯೇ. ಸೃಷ್ಟಿ ಒಳ್ಳೆಯದು, ಆದರೂ ಅದಕ್ಕೆ ನಮ್ಮ ಬುದ್ಧಿ, ನಮ್ಮ ಕೈ ಬೇಕು. ಬಿದ್ದವನು ಏನೂ ಆಗಿಲ್ಲವೆಂದರೂ ಅವನನ್ನು ಅಲುಗಾಡಿಸದಿರಿ. ಕುತ್ತಿಗೆ ಬೆನ್ನು ನೇರವಾಗಿರಲಿ, 108ಕ್ಕೆ ಫೋನ್ ಮಾಡಿ. ಅವರು ಬಂದು ಹಲಗೆಯ ಮೇಲೆ ಮಲಗಿಸಿಯೇ ಒಯ್ಯಲಿ.

ನನ್ನನ್ನು ಹೆಚ್ಚು ಕಾಡುವುದು ಇದರ ನಂತರದ ವರ್ಷಗಳು. ಮೀರಜಿಗೋ ಬೆಳಗಾವಿಗೋ ಹೋಗಿ ಬಂದವನು ಮನೆಯ ಮೂಲೆಯಲ್ಲಿ ಮಲಗಿದ್ದಾನೆ. ಕಾಲಿಗೆ ಸ್ಪರ್ಶವಿಲ್ಲ, ಆದರೆ ಅದೇ ಕಾಲು ಉರಿಯುತ್ತದೆ ಎನ್ನುತ್ತಾನೆ. “ಚಿವುಟಿದರ ಗೊತ್ತಾಗೂದಿಲ್ಲ, ಉರಿ ಹೆಂಗ ಆಗತೈತಿ?” ಎಂದು ಮನೆಯವರು. ಆಗುತ್ತದೆ. ಗಾಯಗೊಂಡ ನರಗಳೇ ಸುಳ್ಳು ಸುದ್ದಿ ಕಳುಹಿಸುತ್ತವೆ. ಸುದ್ದಿ ಸುಳ್ಳಾದರೂ ನೋವು ನಿಜ. ದೇಹದ ಸ್ವಂತ ಅಫೀಮು ಅದಕ್ಕೆ ಸಾಲುವುದಿಲ್ಲ, ಮಾರ್ಫಿನ್ ಕೂಡ ಹಲವರಿಗೆ ಅಷ್ಟಾಗಿ ನಾಟುವುದಿಲ್ಲ. ನರದ ನೋವಿಗೆಂದೇ ಬೇರೆ ಮಾತ್ರೆಗಳಿವೆ. ಆದರೆ ಅವನ ಮಾತನ್ನು ನಂಬಿದವರು ಮಾತ್ರ ಅವನನ್ನು ಡಾಕ್ಟರ ಬಳಿ ಕರೆದೊಯ್ದಾರು.

ಕೆಲವರು ಭಕ್ತಿಯಿಂದಲೇ ಹೇಳುತ್ತಾರೆ: ಯೇಸುಸ್ವಾಮಿ ಶಿಲುಬೆಯ ಬಳಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ನಿರಾಕರಿಸಲಿಲ್ಲವೇ, ನೀನೂ ನೋವನ್ನು ಸಮರ್ಪಿಸು ಎಂದು. ನಿರಾಕರಿಸಿದ್ದು ನಿಜ, ಮಾರ್ಕನ ಶುಭಸಂದೇಶದಲ್ಲಿದೆ. ಆದರೆ ಅದು ಆತನೇ ಸ್ವಇಚ್ಛೆಯಿಂದ ಮಾಡಿದ್ದು. ಪಕ್ಕದಲ್ಲಿ ನಿಂತವರು ಆತನ ಪರವಾಗಿ ನಿರಾಕರಿಸಲಿಲ್ಲ. ಅದೇ ಪ್ರಭು ಕೊನೆಗೆ ದಾಹವೆಂದು ಹೇಳಿ, ತುಟಿಗೆ ಹಿಡಿದ ಹುಳಿರಸವನ್ನು ಸ್ವೀಕರಿಸಿದರೆಂದು ಯೊವಾನ್ನನು ಬರೆದಿದ್ದಾನೆ. 1957ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು ನೋವು ನಿವಾರಿಸುವ ಔಷಧ ಪಡೆಯುವುದು ತಪ್ಪಲ್ಲವೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿದರು. ಗುಂಡೇಟು ತಿಂದು ಬದುಕಿದ ಎರಡನೇ ಜಾನ್ ಪಾಲರು 1984ರಲ್ಲಿ ಸಂಕಟದ ಕುರಿತು ಬರೆದ ಪತ್ರದಲ್ಲಿ, ನೋವನ್ನು ಕ್ರಿಸ್ತನ ನೋವಿನೊಡನೆ ಬೆಸೆಯುವುದರ ಬಗ್ಗೆ ಹೇಳಿದ್ದಾರೆ. ಗಾಯಕ್ಕೆ ಎಣ್ಣೆ ಸುರಿದ ಸಮಾರಿಯದವನ ಬಗ್ಗೆಯೂ ಹೇಳಿದ್ದಾರೆ. ಮೊದಲನೆಯದನ್ನು ರೋಗಿಯೇ ಆರಿಸಿಕೊಳ್ಳಬೇಕು. ನಮ್ಮ ಪಾಲಿಗಿರುವುದು ಎಣ್ಣೆ.

ಇಂದು ಸಂಜೆ ಜಪಸರ ಮುಗಿದ ಮೇಲೆ ಅವನ ಹಾಸಿಗೆಯ ಬಳಿ ಕುಳಿತು ಕೇಳಿ: “ಎಲ್ಲಿ ನೋಯತೈತಿ? ಹೆಂಗ ನೋಯತೈತಿ?” ಬೆಂಕಿ ಇಟ್ಟಂಗ ಎಂದರೆ ಹಾಗೆಂದೇ ಬರೆದಿಟ್ಟುಕೊಳ್ಳಿ. ಡಾಕ್ಟರಿಗೆ ಬೇಕಾಗುವುದು ಆ ಮಾತೇ.