ಯಾರ ಕಡೆಯವನು?

ಬಾಹ್ಯಾಕಾಶದ ಕಾದಂಬರಿಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನೌಕೆಗಳು, ಸ್ಫೋಟಗಳು, ಕೊನೆಗೊಂದು ಜಯಭೇರಿ. ಹುಡುಗರ ಪಾಲಿನದು ಎಂದುಕೊಂಡಿದ್ದೆ. ಸ್ಕಾಟ್ಲೆಂಡಿನ ಇಯಾನ್ ಬ್ಯಾಂಕ್ಸ್ 1987ರಲ್ಲಿ ಪ್ರಕಟಿಸಿದ ‘ಕನ್ಸಿಡರ್ ಫ್ಲೀಬಸ್’ ಎಂಬುದನ್ನು ವಿದ್ಯಾರ್ಥಿಯೊಬ್ಬ ಒತ್ತಾಯದಿಂದ ಕೈಗಿತ್ತ. ಓದಿದ ಮೇಲೆ ಅದನ್ನು ಹಿಂದಿರುಗಿಸುವುದನ್ನು ಎರಡು ಸಲ ಮುಂದೂಡಿದೆ.

ಕಥಾನಾಯಕ ಹೋರ್ಜಾ ಒಬ್ಬ ಗೂಢಚಾರ. ಬೇಕಾದವರ ರೂಪವನ್ನು ತಳೆಯಬಲ್ಲ ಕುಲದಲ್ಲಿ ಹುಟ್ಟಿದವನು. ನಕ್ಷತ್ರಗಳ ನಡುವೆ ಘೋರ ಯುದ್ಧ ನಡೆದಿದೆ. ಒಂದು ಕಡೆ ‘ಕಲ್ಚರ್’ ಎಂಬ ಸಮೃದ್ಧ ಸಮಾಜ. ಅಲ್ಲಿ ಬಡತನವಿಲ್ಲ, ದೇವರಿಲ್ಲ; ದೊಡ್ಡ ತೀರ್ಮಾನಗಳೆಲ್ಲ ಯಂತ್ರಬುದ್ಧಿಗಳವು. ಇನ್ನೊಂದು ಕಡೆ ಇಡಿರನ್ನರು, ಮೂರು ಕಾಲಿನ ದೈತ್ಯರು, ಧರ್ಮಕ್ಕಾಗಿ ಲೋಕಗಳನ್ನು ಗೆಲ್ಲುತ್ತ ಹೊರಟವರು. ಹೋರ್ಜಾ ಇವರ ಕಡೆ. ಆದರೆ ಇವರ ದೇವರಲ್ಲಿ ಅವನಿಗೆ ನಂಬಿಕೆಯಿಲ್ಲ. ಯಂತ್ರವು ಜೀವವನ್ನು ಆಳಬಾರದು, ಅಷ್ಟೇ ಅವನ ವಾದ.

ಇಲ್ಲಿ ಕನ್ನಡ ಓದುಗನಿಗೆ ಕರ್ಣನ ನೆನಪಾಗುವುದು ಸಹಜ. ನನಗೂ ಆಯಿತು. ಆದರೆ ಹೋಲಿಕೆ ಬಹುದೂರ ನಡೆಯದು. ಕರ್ಣನು ದುರ್ಯೋಧನನ ಅನ್ನವನ್ನು ಉಂಡವನು. ಅವನ ನಿಷ್ಠೆಗೆ ಒಬ್ಬ ಗೆಳೆಯನ ಮುಖವಿತ್ತು. ಹೋರ್ಜಾನದು ಋಣದಿಂದ ಹುಟ್ಟಿದ್ದಲ್ಲ, ದ್ವೇಷದಿಂದ ಹುಟ್ಟಿದ್ದು. ಒಬ್ಬರನ್ನು ಒಲ್ಲೆನೆಂದ ಮಾತ್ರಕ್ಕೆ ಮತ್ತೊಬ್ಬರ ಕಡೆಯವರಾಗಿಬಿಡುತ್ತೇವೆಯೆ? ಈ ಪ್ರಶ್ನೆ ನನ್ನನ್ನು ಚುಚ್ಚಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಅಧ್ಯಾಪಕರ ಸಂಘವೊಂದರ ಚುನಾವಣೆಯಲ್ಲಿ ನಾನೂ ಒಂದು ಪಕ್ಷ ಹಿಡಿದೆ, ಎದುರಿನವರ ಸೊಕ್ಕನ್ನು ಸಹಿಸಲಾರದೆ. ನಮ್ಮವರು ಗೆದ್ದರು. ಗೆದ್ದ ಮೇಲೆ ಒಬ್ಬ ಕಿರಿಯ ಸಹೋದ್ಯೋಗಿಯನ್ನು ಅವರು ನಡೆಸಿಕೊಂಡ ರೀತಿಯನ್ನು ಕಂಡೂ ನಾನು ಬಾಯಿ ತೆರೆಯಲಿಲ್ಲ. ‘ನಮ್ಮವರು’ ಎಂದು ಈಗಲೂ ಬರೆದೆನಲ್ಲ, ಅಭ್ಯಾಸಬಲ!

ಶತ್ರುಗಳ ಯಂತ್ರಬುದ್ಧಿಯೊಂದು ಅಡಗಿರುವ ಗ್ರಹಕ್ಕೆ ಹೋಗಿ ಅದನ್ನು ಹಿಡಿದು ತರುವುದು ಹೋರ್ಜಾನಿಗೆ ಒಪ್ಪಿಸಿದ ಕೆಲಸ. ಬಹಳ ಜನರ ರಕ್ತವನ್ನು ದಾಟಿ ಅಲ್ಲಿಗೆ ಸೇರುತ್ತಾನೆ. ನೋಡಿದರೆ, ಅಲ್ಲಿ ನೆಲೆಸಿದ್ದ ಅವನ ಸ್ವಕುಲದವರನ್ನು ಇಡಿರನ್ ಸೈನಿಕರೇ ಕೊಂದಿದ್ದಾರೆ. ಯಾರಿಗಾಗಿ ದುಡಿದನೋ ಅವರ ಕಣ್ಣಿಗೆ ಅವನೊಬ್ಬ ಕ್ಷುದ್ರ ಮಾನವ. ಅವರಲ್ಲೊಬ್ಬನ ಕೈಯಿಂದಲೇ ಅವನಿಗೆ ಮರಣದ ಪೆಟ್ಟು. ಎಷ್ಟೋ ಮುಖಗಳನ್ನು ತೊಟ್ಟು ಕಳಚಿದವನು, ಪ್ರಾಣ ಹೋಗುವ ಹೊತ್ತಿನಲ್ಲಿ, ತನ್ನ ಹೆಸರೇನೆಂದು ಕೇಳುತ್ತಾನೆ. ಹೇಳುವವಳು ಬಾಲ್ವೇಡಾ: ಕಲ್ಚರಿನ ಗೂಢಚಾರಿಣಿ, ಅವನ ಸೆರೆಯಾಳು. ಕೊಲ್ಲಬಹುದಾಗಿದ್ದಾಗಲೂ ಅವನು ಅವಳನ್ನು ಕೊಂದಿರಲಿಲ್ಲ. ಅವನಿಗೆ ಅಷ್ಟು ಹತ್ತಿರದವರು ಅಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಹಾಗಾದರೆ ಬಾಲ್ವೇಡಾಳ ಪಕ್ಷವೇ ಸರಿಯೆನ್ನೋಣವೆ? ಗೆದ್ದದ್ದೇನೋ ಅದೇ. ಆದರೆ ಪುಸ್ತಕದ ಅನುಬಂಧದಲ್ಲಿ ಒಂದು ಸಂಗತಿ ಬರುತ್ತದೆ. ಅವಸರದ ಓದುಗರು ಅದನ್ನು ಬಿಟ್ಟುಬಿಡುವುದುಂಟು. 48 ವರ್ಷಗಳ ಆ ಯುದ್ಧ ಮುಗಿದ ಮೇಲೆ ಅವಳು ದೀರ್ಘನಿದ್ರೆಗೆ ಹೋಗುತ್ತಾಳೆ. ಯುದ್ಧ ಮಾಡದಿದ್ದರೆ ಇನ್ನೂ ಹೆಚ್ಚು ಜೀವಗಳು ಹೋಗುತ್ತಿದ್ದುವೆಂದು ಲೆಕ್ಕದಿಂದ ತೋರಿಸಬಹುದಾದ ದಿನ ತನ್ನನ್ನು ಎಬ್ಬಿಸಬೇಕೆಂಬುದು ಅವಳ ಕೋರಿಕೆ. ಶತಮಾನಗಳ ಬಳಿಕ ಆ ದಿನ ಬಂತು. ಎಬ್ಬಿಸಿದರು. ಕೆಲವೇ ತಿಂಗಳಲ್ಲಿ ಅವಳು ತಾನಾಗಿಯೇ ಜೀವ ಬಿಟ್ಟಳು. ಲೆಕ್ಕವೇನೋ ಸರಿಯಾಗಿಯೇ ಇತ್ತು.